ಅಭಿಮಾನಿಯನ್ನೂ ಜತೆಗೆ ಕರೆದುಕೊಂಡು ಹೋಗು

ಹೈಸ್ಕೂಲಿನಲ್ಲಿ ಯಾರ ಪೋಸ್ಟರನ್ನು ಗೋಡೆಗೆ ಅಂಟಿಸಿ ಅಮ್ಮನಿಂದ ಬೈಸಿಕೊಂಡೆಯೋ ಆ ಬ್ಯಾಂಡಿನವರನ್ನೇ ಸಂದರ್ಶಿಸುವ ಕೆಲಸ ಈಗ ನಿನ್ನ ಪಾಲಿಗೆ ಬಂದಿದೆ. ಅಭಿಮಾನವನ್ನು ಮನೆಯಲ್ಲೇ ಬಿಟ್ಟು ಹೋಗು ಎಂದು ನಿನ್ನ ಡೆಸ್ಕಿನ ಹಿರಿಯರು ಹೇಳಿದರಂತೆ. ನಾನು ಹಾಗೆ ಹೇಳುವವನಲ್ಲ. ಅವರ ಹಳೆಯ ಆಲ್ಬಮ್ಮಿನ ಕೊನೆಯ ಹಾಡಿನಲ್ಲಿ ಡ್ರಮ್ಸ್ ನಡುವೆ ಯಾಕೆ ಗಪ್ಪನೆ ನಿಂತುಹೋಗುತ್ತದೆ ಎಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡವಳು ನೀನು. ಅಂಥ ಪ್ರಶ್ನೆ ಡೆಸ್ಕಿನವರಿಗೆ ಹೊಳೆಯುವುದಿಲ್ಲ. ಅದನ್ನು ಕೇಳಿದ ಕ್ಷಣ ಡ್ರಮ್ಮರ್ ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತಾನೆ, ನೋಡು. ಅಭಿಮಾನ ಬೇಕಾಗಿರುವುದು ತಯಾರಿಗೆ. ‘ನಾನು ನಿಮ್ಮ ದೊಡ್ಡ ಫ್ಯಾನ್’ ಎಂದು ಶುರುಮಾಡಿದೆಯೋ, ಅವರು ನಕ್ಕು ಥ್ಯಾಂಕ್ಸ್ ಹೇಳಿ ಎಲ್ಲರಿಗೂ ಕೊಡುವ ಉತ್ತರಗಳನ್ನೇ ನಿನಗೂ ಕೊಟ್ಟು ಕಳಿಸುತ್ತಾರೆ.

ನಿನಗಿಂತ ಚಿಕ್ಕವನೊಬ್ಬ ಈ ದಾರಿಯಲ್ಲಿ ನಡೆದುಹೋಗಿದ್ದಾನೆ. ಅಮೆರಿಕದ ಸ್ಯಾನ್ ಡಿಯಾಗೋದ ಕ್ಯಾಮರನ್ ಕ್ರೋ 1973ರಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆಗಾಗಿ ಆಲ್ಮನ್ ಬ್ರದರ್ಸ್ ಬ್ಯಾಂಡಿನ ಜತೆ ಊರೂರು ಸುತ್ತಿದಾಗ ಅವನಿಗೆ 16 ವರ್ಷ. ಬ್ಯಾಂಡು ಸೂತಕದ ಮನೆಯಂತಿತ್ತು. ಗಿಟಾರ್ ವಾದಕ ಡ್ವೇನ್ ಆಲ್ಮನ್ 1971ರ ಅಕ್ಟೋಬರ್‌ನಲ್ಲಿ ಜಾರ್ಜಿಯಾದ ಮೇಕನ್ ಊರಿನಲ್ಲಿ ಮೋಟಾರ್ ಸೈಕಲ್ ಅಪಘಾತಕ್ಕೆ ಬಲಿಯಾಗಿದ್ದ. ಒಂದು ವರ್ಷ ಕಳೆದ ಕೆಲವೇ ದಿನಗಳಲ್ಲಿ ಅದೇ ಊರಿನಲ್ಲಿ, ಅದೇ ಬಗೆಯ ಅಪಘಾತದಲ್ಲಿ ಬೇಸ್ ಗಿಟಾರಿನ ಬೆರಿ ಓಕ್ಲಿಯೂ ಹೋಗಿಬಿಟ್ಟ. ಡ್ವೇನ್‌ನ ತಮ್ಮ ಗ್ರೆಗ್ ಈ ಹುಡುಗನ ಮುಂದೆ ಮನಸ್ಸು ಬಿಚ್ಚಿದ. ಆಮೇಲೆ ಇದ್ದಕ್ಕಿದ್ದಂತೆ ಅನುಮಾನ ಹುಟ್ಟಿತು. ನೀನು ಯಾರು, ವಯಸ್ಸೆಷ್ಟು, ಗುರುತಿನ ಚೀಟಿ ತೋರಿಸು ಎಂದು ಗದರಿ, ಪೊಲೀಸಿನ ಕಡೆಯವನಿರಬಹುದೆಂದು ಶಂಕಿಸಿ, ರೆಕಾರ್ಡ್ ಮಾಡಿದ್ದ ಟೇಪುಗಳನ್ನೆಲ್ಲ ಕಿತ್ತುಕೊಂಡ. ಹುಡುಗ ಬರಿಗೈಲಿ ವಾಪಸಾದ. ಕೆಲವು ದಿನಗಳ ಮೇಲೆ ಟೇಪುಗಳು ಮರಳಿ ಬಂದವು, ಡಿಸೆಂಬರ್‌ನಲ್ಲಿ ಲೇಖನ ಮುಖಪುಟ ಏರಿತು.

ಈ ಕತೆ ಹೇಳುವವರೆಲ್ಲ ಹುಡುಗನಿಗಾಗಿ ಮರುಗುತ್ತಾರೆ. ನನಗೇನೋ ಗ್ರೆಗ್‌ನದು ತಪ್ಪೆನಿಸುವುದಿಲ್ಲ. ಸತ್ತ ಅಣ್ಣನ ಬಗ್ಗೆ ರಾತ್ರಿ ಆಡಿದ ಮಾತು ಬೆಳಗಾದ ಮೇಲೆ ಯಾರದೋ ಚೀಲದಲ್ಲಿ ಕೂತಿದೆ ಎಂದರೆ ಯಾರಿಗೆ ತಳಮಳವಾಗದು? ನಿನ್ನವರೂ ಸುಸ್ತಾದ ಹೊತ್ತಿನಲ್ಲಿ ಏನಾದರೂ ಹೇಳಿಬಿಡಬಹುದು. ರೆಕಾರ್ಡರ್ ಆನ್ ಇದೆ ಎಂದು ಆಗೊಮ್ಮೆ ನೆನಪಿಸು. ಮಾತು ನಿಂತರೆ ನಿಲ್ಲಲಿ. ಹಾಂ, ಧ್ವನಿಯನ್ನು ಎರಡು ಕಡೆ ಉಳಿಸಿಕೊಳ್ಳುವುದನ್ನು ಮರೆಯಬೇಡ.

ಕ್ರೋ ಅದಾದಮೇಲೆ ಲೆಡ್ ಝೆಪ್ಪೆಲಿನ್ ಬೆನ್ನು ಹತ್ತಿದ. ಮೊದಲ ಆಲ್ಬಮ್‌ಗಳನ್ನು ರೋಲಿಂಗ್ ಸ್ಟೋನ್ ಹೀಗಳೆದಿತ್ತೆಂದು ಆ ಬ್ಯಾಂಡು ಪತ್ರಿಕೆಗೆ ಬಾಗಿಲು ಹಾಕಿಕೊಂಡಿತ್ತು. ಅವರನ್ನು ಮನಸಾರೆ ಮೆಚ್ಚಿದ್ದ ಈ ಹುಡುಗನಿಗಾಗಿ ಆ ಬಾಗಿಲು ತೆರೆಯಿತು. 1975ರ ಮಾರ್ಚ್‌ನಲ್ಲಿ ಅದೂ ಮುಖಪುಟವಾಯಿತು. ಸಂಪಾದಕ ಯಾನ್ ವೆನ್ನರ್ ಕರೆಸಿಕೊಂಡು ಬೆನ್ನು ತಟ್ಟಲಿಲ್ಲವಂತೆ. ಬ್ಯಾಂಡಿಗೆ ಏನು ಬೇಕಿತ್ತೋ ಅದನ್ನೇ ಬರೆದಿದ್ದೀಯೆ ಎಂದು ಹೇಳಿ, ಲೇಖಕಿ ಜೋನ್ ಡಿಡಿಯನ್ ಅವರ ಪ್ರಬಂಧ ಸಂಕಲನವೊಂದನ್ನು ಕೈಗಿಟ್ಟರಂತೆ. ಇದನ್ನು ಕ್ರೋ ಸ್ವತಃ ಹೇಳಿಕೊಂಡಿದ್ದಾರೆ. ಅವರು ತಮ್ಮ ಹರೆಯವನ್ನೇ ಕತೆಯಾಗಿಸಿ 2000ದಲ್ಲಿ ‘ಆಲ್‌ಮೋಸ್ಟ್ ಫೇಮಸ್’ ಸಿನಿಮಾ ಮಾಡಿದರು, ಚಿತ್ರಕತೆಗೆ ಆಸ್ಕರ್ ಬಂತು. ರಾಕ್ ತಾರೆಯರ ಗೆಳೆತನಕ್ಕೆ ಬೀಳಬೇಡ ಎಂದು ವಿಮರ್ಶಕ ಲೆಸ್ಟರ್ ಬ್ಯಾಂಗ್ಸ್ ಹುಡುಗನಿಗೆ ಬುದ್ಧಿ ಹೇಳುವ ದೃಶ್ಯ ಅದರಲ್ಲಿದೆ. ನೋಡಿರದಿದ್ದರೆ ಈ ವಾರವೇ ನೋಡು.

ಈಗ ಕೆಲಸದ ಮಾತು. ನಿನಗೆ ಕೊಟ್ಟಿರುವ ಇಪ್ಪತ್ತು ನಿಮಿಷವನ್ನು ನೆಚ್ಚಿಕೊಳ್ಳಬೇಡ, ಕಾರ್ಯಕ್ರಮಕ್ಕೆ ಮುಂಚಿನ ಸೌಂಡ್ ಚೆಕ್‌ಗೇ ಹೋಗಿ ಕೂರು. ಅರಮನೆ ಮೈದಾನದ ಬಿರುಬಿಸಿಲಿನಲ್ಲಿ ಯಾರೂ ನಿನ್ನನ್ನು ಗಮನಿಸುವುದಿಲ್ಲ. ಡ್ರಮ್ಮರ್ ಕಿಕ್ ಡ್ರಮ್ ಒಂದನ್ನೇ ದಬ್ ದಬ್ ಎಂದು ಬಾರಿಸುತ್ತಾನೆ, ಮಿಕ್ಸರ್ ಹಿಂದಿನ ಹುಡುಗ ಕೈ ಎತ್ತುವವರೆಗೆ. ಆಮೇಲೆ ಸ್ನೇರ್, ಆಮೇಲೆ ಒಂದೊಂದೇ ಟಾಮ್. ಗಾಯಕ ತನ್ನ ದನಿ ಮಾನಿಟರ್‌ನಲ್ಲಿ ಕೇಳುತ್ತಿಲ್ಲವೆಂದು ಹೆಬ್ಬೆರಳನ್ನು ಮೇಲಕ್ಕೆ ಆಡಿಸುತ್ತಾನೆ. ಗಿಟಾರಿನವನದು ಇಳಿಯಲಿ ಎಂದು ಇನ್ನೊಂದು ಕೈಯಲ್ಲಿ ಸನ್ನೆ ಮಾಡುತ್ತಾನೆ. ಯಾರು ಯಾರ ಮುಖ ನೋಡಿ ನಗುತ್ತಾರೆ, ಯಾರು ಹಾಡು ಮುಗಿದೊಡನೆ ಬೆನ್ನು ತಿರುಗಿಸಿ ನಡೆಯುತ್ತಾರೆ ಎಂಬುದನ್ನು ಬರೆದಿಟ್ಟುಕೋ. ಯಾರೋ ನೋಡುತ್ತಿದ್ದಾರೆಂದು ಗೊತ್ತಿಲ್ಲದಾಗಲೇ ಬ್ಯಾಂಡು ಬ್ಯಾಂಡಿನಂತಿರುತ್ತದೆ. ಮಾತಿಗೆ ಕೂತಾಗ ಬೇಸ್ ಗಿಟಾರಿನವನನ್ನು ಮರೆಯಬೇಡ. ಅವನನ್ನು ಯಾರೂ ಏನೂ ಕೇಳಿರುವುದಿಲ್ಲ, ಅವನಿಗೆ ಎಲ್ಲವೂ ಗೊತ್ತಿರುತ್ತದೆ.

ಆಡಿದ ಮಾತನ್ನು ಆಡಿದ ಜಾಗದ ಸಮೇತ ಬರೆ. 1966ರಲ್ಲಿ ಲಂಡನ್ನಿನ ‘ಈವ್ನಿಂಗ್ ಸ್ಟ್ಯಾಂಡರ್ಡ್’ ಪತ್ರಿಕೆಗಾಗಿ ಮೊರೀನ್ ಕ್ಲೀವ್ ಬೀಟಲ್ಸ್‌ನ ಜಾನ್ ಲೆನನ್ ಮನೆಗೆ ಹೋಗಿದ್ದರು. ಬೀಟಲ್ಸ್ ಈಗ ಏಸುವಿಗಿಂತ ಜನಪ್ರಿಯರು ಎಂಬ ಅರ್ಥದ ಅವನ ಮಾತು, ಅವನ ಮನೆ, ಸಾಮಾನು, ಸೋಮಾರಿತನದ ವಿವರಗಳ ನಡುವೆ ಮಾರ್ಚ್‌ನಲ್ಲಿ ಅಚ್ಚಾಯಿತು. ಇಂಗ್ಲೆಂಡಿನಲ್ಲಿ ಗದ್ದಲವೇನೂ ಆಗಲಿಲ್ಲ. ಜುಲೈ ಕೊನೆಗೆ ಅಮೆರಿಕದ ‘ಡೇಟ್‌ಬುಕ್’ ಪತ್ರಿಕೆ ಆ ಸಂದರ್ಶನದ ಮಾತೊಂದನ್ನು ಕಿತ್ತು ಮುಖಪುಟದಲ್ಲಿ ಹಾಕಿದ್ದೇ ತಡ, ಬೀಟಲ್ಸ್ ರೆಕಾರ್ಡುಗಳಿಗೆ ಬೆಂಕಿ ಬಿತ್ತು, ಲೆನನ್ ಶಿಕಾಗೋದಲ್ಲಿ ಪತ್ರಕರ್ತರ ಮುಂದೆ ವಿವರಣೆ ಕೊಡಬೇಕಾಯಿತು. ಈಗ ನಿನ್ನ ಲೇಖನವನ್ನು ಕಿತ್ತು ಹಂಚಲು ಐದು ತಿಂಗಳು ಬೇಡ, ಐದು ನಿಮಿಷ ಸಾಕು.

ಅವರ ಹೊಸ ಆಲ್ಬಮ್ ನಿನಗೆ ಹಿಡಿಸಿಲ್ಲ ಎಂದೆಯಲ್ಲ, ಅದನ್ನು ನುಂಗಿಕೊಳ್ಳಬೇಡ. ಕೊನೆಯ ಪ್ರಶ್ನೆಯಾಗಿಯೂ ಇಡಬೇಡ, ಮ್ಯಾನೇಜರ್ ಗಡಿಯಾರ ತೋರಿಸಿ ಎಬ್ಬಿಸಿಬಿಡುತ್ತಾನೆ. ಅರ್ಧ ದಾರಿಯಲ್ಲಿ ಕೇಳು. ‘ಹಳೆಯ ಹಾಡುಗಳಲ್ಲಿ ದನಿ ಹಿಂದೆ, ವಾದ್ಯ ಮುಂದೆ ಇರುತ್ತಿತ್ತು, ಈಗ ತಿರುಗುಮುರುಗಾಗಿದೆ, ಯಾರ ತೀರ್ಮಾನ ಇದು?’ ಎಂದು ಕೇಳಿದರೆ ಸಿಟ್ಟು ಬಂದರೂ ಉತ್ತರ ಬರುತ್ತದೆ. ಸೆಲ್ಫಿ, ಸಹಿ ಎಲ್ಲ ಮುಗಿದ ಮೇಲೆ. ನಾಚಿಕೆ ಪಡುವಂಥದ್ದೇನಿಲ್ಲ, ತೆಗೆಸಿಕೋ.

ಪ್ರಕಟಣೆಗೆ ಮೊದಲು ಲೇಖನ ತೋರಿಸಿ ಎಂದು ಮ್ಯಾನೇಜರ್ ಕೇಳಿಯೇ ಕೇಳುತ್ತಾನೆ. ಹೆಸರು, ಇಸವಿಗಳನ್ನು ಫೋನಿನಲ್ಲಿ ಓದಿ ಸರಿ ನೋಡಿಕೋ, ಪ್ರತಿ ಕಳಿಸಬೇಡ. ತೀರಾ ಒತ್ತಾಯ ಮಾಡಿದರೆ ನಿನ್ನ ಸಂಪಾದಕರ ನಂಬರ್ ಕೊಡು. ಅವರಿಗೆ ಸಂಬಳ ಬರುವುದು ಇಂಥ ಫೋನ್ ಎತ್ತುವುದಕ್ಕೇ.