ಪಿಕಪ್‌ಗೆ ಟೈರು ಕೊಳ್ಳುವ ಮುನ್ನ

ಹೊಸಕೋಟೆ ಕಡೆಯಿಂದ ಸೊಪ್ಪು-ತರಕಾರಿ ತುಂಬಿಕೊಂಡು ಕೆ.ಆರ್. ಪುರ, ಹಲಸೂರು ದಾಟಿ ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೆ ಬರುವ ಪಿಕಪ್ ಮಾಲೀಕರೇ, ದಪ್ಪ ಬಟನ್‌ಗಳ ಆಲ್-ಟೆರೇನ್ ಟೈರಿನ ಗತ್ತು ನೋಡಿ ಮರುಳಾಗಬೇಡಿ. ಗಾಡಿ ದಿನವೂ ಓಡುವುದು ಹಳೇ ಮದ್ರಾಸ್ ರಸ್ತೆಯ ಡಾಂಬರಿನ ಮೇಲೆ ತಾನೇ? ಹಾಗಾದರೆ ಮಾಮೂಲಿ ರಸ್ತೆ ಟೈರೇ ಸರಿ. ಆಲ್-ಟೆರೇನ್‌ನದು ತೂಕ ಜಾಸ್ತಿ, ಸದ್ದು ಜಾಸ್ತಿ. ಮೈಲೇಜೂ ಒಂದಿಷ್ಟು ಇಳಿಯುತ್ತದೆ. ಮಳೆ ಬಿದ್ದ ಡಾಂಬರಿನಲ್ಲಿ ಬ್ರೇಕ್ ಒತ್ತಿದಾಗ ಅಂಥ ಹಲವು ಟೈರುಗಳ ಹಿಡಿತವೂ ಕಡಿಮೆಯೇ. ಮಳೆಗಾಲದಲ್ಲೂ ತೋಟದ ಕೆಸರಿಗೆ ಗಾಡಿ ಇಳಿಸಲೇಬೇಕಾದವರು ಮಾತ್ರ ಧಾರಾಳವಾಗಿ ಹಾಕಿಸಿ, ಆ ಖರ್ಚು ದಂಡವಲ್ಲ.

ಯಾವುದನ್ನೇ ಕೊಂಡರೂ ಟೈರಿನ ಪಕ್ಕೆಯ ಬರಹ ಓದಿ. ಅಳತೆಯ ಮುಂದೆ 112 ಎಂದಿದ್ದರೆ ಆ ಒಂದು ಟೈರು 1,120 ಕಿಲೋ ಹೊರಬಲ್ಲದು. 104 ಎಂದಿದ್ದರೆ 900 ಕಿಲೋ ಅಷ್ಟೇ. ಕಂಪನಿಯವರು ಹೇಳಿದ್ದಕ್ಕಿಂತ ಕಡಿಮೆ ಸಂಖ್ಯೆಯದು ಬೇಡವೇ ಬೇಡ. ಡಿಒಟಿ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 2324 ಅಂದರೆ 2024ರ 23ನೇ ವಾರ. ರಿಯಾಯಿತಿ ಹೆಸರಲ್ಲಿ ಹಳೇ ಸ್ಟಾಕ್ ಕೊಟ್ಟರೆ ವಾಪಸ್ ಮಾಡಿ. ಇನ್ನು, ಬಟನ್ ಸವೆದು ಸಂದಿನೊಳಗಿನ ಪುಟ್ಟ ಉಬ್ಬಿಗೆ ಸಮವಾಯಿತೋ, ಅಂಥ ಟೈರಿನ ಮೇಲೆ ಒಂದು ಟ್ರಿಪ್ ಕೂಡ ಲೋಡ್ ಹೊಡೆಯಬೇಡಿ.