ಐದು ಊರು, ಒಂದು ವಿಂಡೋ

"ಮನ್ಯಾಗ ಚಲೋ ಓಡ್ತಿತ್ರಿ ಸರ್, ಇಲ್ಲಿ ಓಪನ್ನೇ ಆಗವಲ್ದು." ಹಡಗಲಿಯಿಂದ ಕೂಡ್ಲಿಗಿವರೆಗೆ ಎಲ್ಲೇ ಕಂಪ್ಯೂಟರ್ ಕಲಿಸಿದರೂ ಈ ಮಾತು ಕೇಳಬೇಕಾಗುತ್ತದೆ. ಹುಡುಗನ ಮನೆಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಇದೆ. ಲ್ಯಾಬಿನ ಹಳೆಯ ಸಿಸ್ಟಮ್‌ಗಳಲ್ಲಿ ಇನ್ನೂ ವಿಂಡೋಸ್ 7, ಕಿಟಕಿ ಪಕ್ಕದ ಸಾಲಿನಲ್ಲಿ ಉಬುಂಟು ಲಿನಕ್ಸ್. ಪೆನ್‌ಡ್ರೈವ್‌ನಲ್ಲಿ ಬಂದ ಪ್ರೋಗ್ರಾಂನಲ್ಲಿ ಒಂದಕ್ಷರವೂ ಬದಲಾಗಿಲ್ಲ, ಆದರೂ ಮೂರು ಕಡೆ ಮೂರು ಥರ ಆಡುತ್ತದೆ.

ಪೈಥಾನ್ ಜೊತೆ ಬರುವ ಟಿಕಿಂಟರ್ ಎಂಬ ಲೈಬ್ರರಿಯಲ್ಲಿ ಮೊದಲ ಸಲ ವಿಂಡೋ ತೆರೆಯುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಅಭ್ಯಾಸದ ಪ್ರೋಗ್ರಾಂ ಬಹಳ ಸಣ್ಣದು. ಒಂದು ವಿಂಡೋ, ಅದರಲ್ಲಿ ಊರು ಆರಿಸುವ ಡ್ರಾಪ್‌ಡೌನ್, ಕೆಳಗೊಂದು ಪಟ್ಟಿ. ಡ್ರಾಪ್‌ಡೌನ್‌ನಲ್ಲಿ ಐದು ಹೆಸರು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ನಮ್ಮೂರುಗಳೆಂಬ ಅಭಿಮಾನಕ್ಕೆ ಆರಿಸಿದ್ದಲ್ಲ. ಕನ್ನಡದಲ್ಲಿ ವಿಂಡೋ ಮಾಡಹೊರಟವರಿಗೆ ಬರುವ ತೊಂದರೆಗಳಲ್ಲಿ ಬಹುಪಾಲು ಈ ಐದು ಹೆಸರುಗಳಲ್ಲೇ ಸಿಕ್ಕಿಬೀಳುತ್ತವೆ. 'ಹಲೋ ವರ್ಲ್ಡ್' ಎಂದು ಇಂಗ್ಲಿಷಿನಲ್ಲಿ ಬರೆದು ಪರೀಕ್ಷೆ ಮಾಡಿದರೆ ಅವುಗಳಲ್ಲಿ ಒಂದೂ ಕಾಣುವುದಿಲ್ಲ.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಪರದೆಯ ಮೇಲಿನ ಬಟನ್ ಅನ್ನು ಬರೆಯುವುದು ನಿಮ್ಮ ಪ್ರೋಗ್ರಾಂ ಅಲ್ಲ. ನೀವು ಟಿಕಿಂಟರ್‌ಗೆ ಹೇಳುತ್ತೀರಿ, ಟಿಕಿಂಟರ್ ತನ್ನ ಕೆಳಗಿರುವ ಟಿಕೆಗೆ ಹೇಳುತ್ತದೆ, ಟಿಕೆ ಆಪರೇಟಿಂಗ್ ಸಿಸ್ಟಮ್ ಅನ್ನು ಕೇಳುತ್ತದೆ, ಅದು ಫಾಂಟ್ ಫೈಲಿನಿಂದ ಅಕ್ಷರ ತೆಗೆದು ಬಳಿಯುತ್ತದೆ. 'ಇಲ್ಲೊಂದು ಬಾಗಿಲಿಡಿ' ಎಂದಷ್ಟೇ ನಾವು ಹೇಳುತ್ತೇವೆ, ಮರದ್ದೋ ಕಬ್ಬಿಣದ್ದೋ ಎಂಬುದು ಆಯಾ ಊರಿನ ಮೇಸ್ತ್ರಿಯ ಕೈಯಲ್ಲಿರುತ್ತದೆ. ಟಿಕೆಯನ್ನು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಔಸ್ಟರ್‌ಹೌಟ್ ಶುರು ಮಾಡಿದ್ದು ಯುನಿಕ್ಸ್ ಯಂತ್ರಗಳಿಗೆಂದು. ವಿಂಡೋಸ್, ಮ್ಯಾಕ್‌ಗಳಿಗೆ ಅದು ಆಮೇಲೆ ಹೋಯಿತು. ವಿಂಡೋಸ್‌ನಲ್ಲಿ ಅದು ವಿಂಡೋಸ್‌ನ ಬಟನ್‌ಗಳನ್ನೇ ಎರವಲು ತರುತ್ತದೆ, ಲಿನಕ್ಸ್‌ನಲ್ಲಿ ತಾನೇ ಗೆರೆ ಎಳೆದು ಬಿಡಿಸುತ್ತದೆ. ಹಾಗಾಗಿ ತಪ್ಪು ಕಂಡಾಗ ಕೋಡ್ ತಿದ್ದಲು ಹೋಗುವ ಮೊದಲು, ಇದು ಯಾವ ಪದರದ ತಪ್ಪು ಎಂದು ಕೇಳಿ. ತೊಂದರೆ ಫಾಂಟಿನದ್ದಾದರೆ ನಿಮ್ಮ ಕೋಡನ್ನು ಬೆಳತನಕ ತಿದ್ದಿದರೂ ಅದು ಹೋಗದು.

ಪದರ ಗುರುತಿಸಲು ಸುಲಭದ ಉಪಾಯವಿದೆ. ನಿಮ್ಮ ಪ್ರೋಗ್ರಾಂ ಪಕ್ಕಕ್ಕಿಟ್ಟು, ಕಮಾಂಡ್ ವಿಂಡೋದಲ್ಲಿ 'ಪೈಥಾನ್ -ಎಂ ಟಿಕಿಂಟರ್' ಎಂಬ ಆದೇಶ ಕೊಡಿ. ಎರಡು ಬಟನ್‌ಗಳ ಪುಟ್ಟ ವಿಂಡೋ ಬಂದು, ಟಿಕೆಯ ಆವೃತ್ತಿ ಎಷ್ಟೆಂದು ತೋರಿಸಿದರೆ ಟಿಕಿಂಟರ್, ಟಿಕೆ ಎರಡೂ ಸರಿಯಾಗಿವೆ, ತಪ್ಪು ಬೇರೆಲ್ಲೋ ಇದೆ. ಬರದಿದ್ದರೆ ನಿಮ್ಮ ಕೋಡ್ ಮುಟ್ಟಬೇಡಿ.

ಉಬುಂಟುವಿನಲ್ಲಿ ಬಹಳ ಸಲ ಬರುವುದೇ ಇಲ್ಲ. 'ಟಿಕಿಂಟರ್ ಎಂಬ ಮಾಡ್ಯೂಲ್ ಇಲ್ಲ' ಎಂದು ಬೈಯುತ್ತದೆ. ಅಲ್ಲಿ ಪೈಥಾನ್ ಒಂದು ಪ್ಯಾಕೇಜು, ಟಿಕಿಂಟರ್ ಬೇರೆ ಪ್ಯಾಕೇಜು. ಪ್ಯಾಕೇಜು ಹಾಕುವ ಆಪ್ಟ್ ಆದೇಶದ ಮೂಲಕ ಪೈಥಾನ್3-ಟಿಕೆ ಹಾಕಿಕೊಂಡರೆ ಮುಗಿಯಿತು. ವಿಂಡೋಸ್‌ನಲ್ಲಿ ಎರಡೂ ಒಟ್ಟಿಗೆ ಬರುವುದರಿಂದ ಮನೆಯಲ್ಲಿ ಈ ತೊಂದರೆ ಕಂಡಿರುವುದಿಲ್ಲ. ಇನ್ನೊಂದು ಮಾತು: ನಿಮ್ಮ ಫೈಲಿಗೇ ಟಿಕಿಂಟರ್ ಎಂದು ಹೆಸರಿಟ್ಟರೆ ಪೈಥಾನ್ ನಿಜವಾದ ಲೈಬ್ರರಿ ಬಿಟ್ಟು ನಿಮ್ಮ ಫೈಲನ್ನೇ ಎತ್ತಿಕೊಳ್ಳುತ್ತದೆ. ನಗಬೇಡಿ, ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಇಡುತ್ತಾರೆ.

ವಿಂಡೋಸ್ 7ರ ಕಥೆ ಬೇರೆ. ಪೈಥಾನ್ 3.8 ಅದರಲ್ಲಿ ಓಡುವ ಕೊನೆಯ ಆವೃತ್ತಿ. 3.9ರಿಂದ ವಿಂಡೋಸ್ 8.1 ಬೇಕು, 3.13ರಿಂದ ವಿಂಡೋಸ್ 10. ಮೈಕ್ರೋಸಾಫ್ಟ್ ವಿಂಡೋಸ್ 7ರ ಕೈಬಿಟ್ಟದ್ದು 2020ರ ಜನವರಿ 14ರಂದು, ಆದರೆ ಲ್ಯಾಬಿನ ಸಿಸ್ಟಮ್‌ಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಅಲ್ಲಿ ಯಾವುದೋ ಡಿಎಲ್‌ಎಲ್ ಫೈಲ್ ಇಲ್ಲ ಎಂಬ ದೂರು ಬಂದರೆ ಅದರ ಉದ್ದನೆಯ ಹೆಸರನ್ನು ತಾಳ್ಮೆಯಿಂದ ಓದಿ. ನಡುವೆ 'ಕೋರ್-ಪಾತ್' ಎಂದಿದ್ದರೆ ಆ ಯಂತ್ರಕ್ಕೆ ನಿಮ್ಮ ಪೈಥಾನ್ ತೀರಾ ಹೊಸದು, 3.8.10 ಹಾಕಿ, ಬೇರೆ ದಾರಿ ಹುಡುಕಬೇಡಿ. 'ಸಿಆರ್‌ಟಿ-ರನ್‌ಟೈಮ್' ಎಂದಿದ್ದರೆ ಪೈಥಾನ್ ಬದಲಿಸಬೇಕಿಲ್ಲ, ವಿಂಡೋಸ್‌ಗೇ ಒಂದು ಅಪ್‌ಡೇಟ್ ಬಾಕಿ ಇದೆ, ಅದರ ಸಂಖ್ಯೆ ಕೆಬಿ2999226. ಎರಡೂ ದೂರು ನೋಡಲು ಒಂದೇ ಥರ ಇರುವುದರಿಂದ, ಸಿಕ್ಕ ಸಿಕ್ಕ ಕಡೆಯಿಂದ ಡಿಎಲ್‌ಎಲ್ ಇಳಿಸಿ ಸಿಸ್ಟಮ್ ಫೋಲ್ಡರಿಗೆ ಸುರಿಯುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ವೈರಸ್ ಬರುವುದೂ ಹಾಗೆಯೇ.

ವಿಂಡೋ ತೆರೆಯಿತು ಎನ್ನೋಣ. ಈಗ ಊರಿನ ಹೆಸರುಗಳ ಸರದಿ. ಅವನ್ನು ಕೋಡಿನೊಳಗೆ ಬರೆಯದೆ ಬೇರೊಂದು ಪಠ್ಯ ಫೈಲಿನಲ್ಲಿಡಿ ಎನ್ನುತ್ತೇನೆ. ಕಾರಣ ನಮ್ಮ ಕಣ್ಣೆದುರಿಗೇ ಇದೆ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ ಹರಪನಹಳ್ಳಿ ಆಮೇಲೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂತು. ಕೂಡ್ಲಿಗಿ ತಾಲ್ಲೂಕಿನಲ್ಲಿದ್ದ ಕೊಟ್ಟೂರು ತಾನೇ ತಾಲ್ಲೂಕಾಯಿತು. ಜಿಲ್ಲೆ, ತಾಲ್ಲೂಕನ್ನು ಕೋಡಿನಲ್ಲಿ ಹೂತಿಟ್ಟವರು ಪ್ರತಿ ಸಲವೂ ಪ್ರೋಗ್ರಾಂ ಬಿಚ್ಚಬೇಕಾಗುತ್ತದೆ.

ಫೈಲಿನಲ್ಲಿಟ್ಟ ಕೂಡಲೇ ಹೊಸ ತೊಂದರೆ ಎದುರಾಗುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ತೊಂದರೆ ಇದೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಉಬುಂಟುವಿನಲ್ಲಿ ಐದೂ ಹೆಸರು ನೆಟ್ಟಗೆ ಓದಿಕೊಳ್ಳುತ್ತದೆ. ಅದೇ ಫೈಲ್ ಅನ್ನು ವಿಂಡೋಸ್‌ನಲ್ಲಿ ಓದಿದರೆ 'ಚಾರ್‌ಮ್ಯಾಪ್ ಕೋಡೆಕ್‌ಗೆ 0ಎಕ್ಸ್8ಡಿ ಎಂಬ ಬೈಟ್ ಬಿಡಿಸಲಾಗಲಿಲ್ಲ' ಎಂದು ನಿಂತುಬಿಡುತ್ತದೆ. ಫೈಲಿನಲ್ಲಿ ಹಡಗಲಿ ಒಂದನ್ನೇ ಉಳಿಸಿ ನೋಡಿ: ದೂರು ಬರುವುದಿಲ್ಲ, ಆದರೆ ಡ್ರಾಪ್‌ಡೌನ್‌ನಲ್ಲಿ ಹಡಗಲಿ ಬದಲು ಸೊಟ್ಟ ಗುರುತು ಹೊತ್ತ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಏಕೆ ಹೀಗೆ?

ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಒಂದು ಸಂಖ್ಯೆ ಇದೆ. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಆ ಸಂಖ್ಯೆ ಮೂರು ಬೈಟ್‌ಗಳಾಗಿ ಫೈಲಿಗೆ ಹೋಗುತ್ತದೆ. ಲಿನಕ್ಸ್‌ನಲ್ಲಿ ಪೈಥಾನ್ ಫೈಲನ್ನು ಯುಟಿಎಫ್-8 ಎಂದೇ ಭಾವಿಸಿ ಓದುತ್ತದೆ. ನಮ್ಮ ಕಡೆಯ ಇಂಗ್ಲಿಷ್ ವಿಂಡೋಸ್‌ನಲ್ಲಿ ಮಾತ್ರ, ನೀವು ಏನೂ ಹೇಳದಿದ್ದರೆ, ಸಿಪಿ1252 ಎಂಬ ಯುರೋಪಿನ ಹಳೆಯ ಪಟ್ಟಿ ಹಿಡಿದು ಓದುತ್ತದೆ. ಆ ಪಟ್ಟಿಯಲ್ಲಿ ಕೆಲವು ಬೈಟ್‌ಗಳಿಗೆ ಅಕ್ಷರವೇ ಇಲ್ಲ. 8ಡಿ ಅಂಥದ್ದೊಂದು. ಒತ್ತಕ್ಷರ ಮಾಡಲು ನಾವು ಬಳಸುವ ವಿರಾಮದ ಚಿಹ್ನೆಯ ಮೂರನೆಯ ಬೈಟ್ ಸರಿಯಾಗಿ ಅದೇ! ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ನಾಲ್ಕರಲ್ಲೂ ಒತ್ತಕ್ಷರ ಇದೆ, ಆದ್ದರಿಂದ ಎಡವುತ್ತದೆ. ಹಡಗಲಿಯಲ್ಲಿ ಒತ್ತಿಲ್ಲ, ಆದ್ದರಿಂದ ಸದ್ದಿಲ್ಲದೆ ತಪ್ಪಾಗುತ್ತದೆ. ಸದ್ದು ಮಾಡುವ ತಪ್ಪೇ ವಾಸಿ, ಕನಿಷ್ಠ ಕಣ್ಣಿಗೆ ಬೀಳುತ್ತದೆ.

ಪರಿಹಾರ ಒಂದೇ ಮಾತು: ಫೈಲ್ ತೆರೆಯುವ ಸಾಲಿನಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬಾಯಿ ಬಿಟ್ಟು ಹೇಳಿ. ಅದಕ್ಕೂ ಒಂದು ಬಾಲವಿದೆ. ಹಳೆಯ ನೋಟ್‌ಪ್ಯಾಡ್‌ನಲ್ಲಿ ಯುಟಿಎಫ್-8 ಆರಿಸಿ ಉಳಿಸಿದರೆ ಅದು ಫೈಲಿನ ಶುರುವಿಗೆ ಕಣ್ಣಿಗೆ ಕಾಣದ ಗುರುತೊಂದನ್ನು ಸೇರಿಸುತ್ತದೆ. ಆಗ ಮೊದಲ ಹೆಸರು ಕೂಡ್ಲಿಗಿ ನೋಡಲು ಕೂಡ್ಲಿಗಿಯೇ, ಹೋಲಿಸಿದರೆ ಮಾತ್ರ ಕೂಡ್ಲಿಗಿ ಅಲ್ಲ. ಯುಟಿಎಫ್-8-ಸಿಗ್ ಎಂದು ಓದಿದರೆ ಆ ಗುರುತು ತಾನಾಗಿ ಬಿದ್ದುಹೋಗುತ್ತದೆ. ಏನೂ ಆರಿಸದೆ ಉಳಿಸಿದರೆ ಆ ನೋಟ್‌ಪ್ಯಾಡ್ ಕನ್ನಡವನ್ನೆಲ್ಲ ಪ್ರಶ್ನೆ ಚಿಹ್ನೆಗಳಾಗಿಸುತ್ತದೆ. ಹಾಗೆ ಹೋದ ಅಕ್ಷರ ಮರಳಿ ಬರುವುದಿಲ್ಲ, ಮತ್ತೆ ಟೈಪ್ ಮಾಡಬೇಕು ಅಷ್ಟೇ.

ಹೋಲಿಕೆಯ ಮಾತು ಬಂದದ್ದಕ್ಕೆ ಇದನ್ನೂ ಕೇಳಿ. ಕೊಟ್ಟೂರು ನಮಗೆ ಮೂರಕ್ಷರ, ಪೈಥಾನ್‌ಗೆ ಎಂಟು: ಕ, ಒತ್ವ, ಟ, ವಿರಾಮ, ಟ, ಊತ್ವ, ರ, ಉತ್ವ. ಕೆಲವು ಸಾಫ್ಟ್‌ವೇರ್‌ಗಳು 'ಕೊ' ಬರೆಯುವಾಗ ಒತ್ವದ ಒಂದು ಚಿಹ್ನೆಯ ಬದಲು ಎತ್ವ, ಊತ್ವ ಎಂದು ಎರಡು ಇಡುತ್ತವೆ. ಆಗ ಒಂಬತ್ತು. ಪರದೆಯ ಮೇಲೆ ಎರಡೂ ಒಂದೇ, ಹುಡುಕಿದರೆ ಸಿಗುವುದಿಲ್ಲ. ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್‌ಗೆ ಎನ್‌ಎಫ್‌ಸಿ ಎಂದು ಹೇಳಿದರೆ ಎರಡನ್ನೂ ಒಂದು ರೂಪಕ್ಕೆ ತರುತ್ತದೆ.

ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಟ್ಟಿ ಕೊಟ್ಟರೆ ಏನಾಗುತ್ತದೆ? ಅದು ಯೂನಿಕೋಡ್ ಅಲ್ಲ. ಒಳಗಿರುವುದು ಇಂಗ್ಲಿಷ್ ಸಂಕೇತಗಳು, ಮೇಲೆ ಕನ್ನಡದ ವೇಷ. ಆ ಫಾಂಟ್ ಇರುವ ಸಿಸ್ಟಮ್‌ನಲ್ಲಿ ಕನ್ನಡ, ಇಲ್ಲದ ಕಡೆ ಅರ್ಥವಿಲ್ಲದ ಅಕ್ಷರಗಳು. ಪ್ರೋಗ್ರಾಂನಲ್ಲಿ ಆ ಫಾಂಟಿನ ಹೆಸರು ಹಾಕಿ ಕೆಲಸ ಸಾಗಿಸಬಹುದು, ಆದರೆ ಸಾಗಿಸಬೇಡಿ. ಒಂದು ಸಲ ಯೂನಿಕೋಡ್‌ಗೆ ಪರಿವರ್ತಿಸಿಬಿಡಿ.

ಯೂನಿಕೋಡ್ ಫಾಂಟ್‌ಗಳೂ ಎಲ್ಲ ಕಡೆ ಒಂದೇ ಅಲ್ಲ. ವಿಂಡೋಸ್ 7ರಲ್ಲಿ ತುಂಗಾ ಇದೆ, ನಿರ್ಮಲಾ ಯುಐ ಇಲ್ಲ. ವಿಂಡೋಸ್ 8ರಿಂದ ನಿರ್ಮಲಾ ಬಂತು, ವಿಂಡೋಸ್ 10ರಲ್ಲಿ ತುಂಗಾ ಬೇಕಾದರೆ ನಾವೇ ಸೇರಿಸಿಕೊಳ್ಳಬೇಕು. ಉಬುಂಟುವಿನಲ್ಲಿ ಲೋಹಿತ್, ಗುಬ್ಬಿ, ನವಿಲು. ಮ್ಯಾಕ್‌ನಲ್ಲಿ ಕನ್ನಡ ಸಂಗಮ್ ಎಂಎನ್. ನೀವು ಹೇಳಿದ ಫಾಂಟ್ ಇಲ್ಲದಿದ್ದರೆ ಟಿಕೆ ದೂರುವುದಿಲ್ಲ, ಸುಮ್ಮನೆ ಬೇರೊಂದನ್ನು ಹಾಕುತ್ತದೆ. ಆದ್ದರಿಂದ ಟಿಕಿಂಟರ್‌ನ ಫಾಂಟ್ ಮಾಡ್ಯೂಲಿನಲ್ಲಿ ಫ್ಯಾಮಿಲೀಸ್ ಎಂಬುದನ್ನು ಕರೆದು ಯಾವುದಿದೆ ಎಂದು ನೋಡಿ, ಇದ್ದುದರಲ್ಲಿ ಒಳ್ಳೆಯದನ್ನು ಆರಿಸುವಂತೆ ಬರೆಯಿರಿ.

ಇಷ್ಟೆಲ್ಲ ಸರಿ ಮಾಡಿದರೂ ಉಬುಂಟುವಿನ ಟಿಕೆ 8.6ರಲ್ಲಿ ಕೊಟ್ಟೂರು ಒಡೆದು ಕಾಣುತ್ತದೆ. ಟಕಾರ, ಪಕ್ಕದಲ್ಲಿ ವಿರಾಮ, ಪಕ್ಕದಲ್ಲಿ ಇನ್ನೊಂದು ಟಕಾರ, ಒತ್ತು ಕೆಳಗಿಳಿಯುವುದೇ ಇಲ್ಲ. ಹುಡುಗರು ಇಲ್ಲಿ ಫಾಂಟ್ ಬದಲಿಸಿ ಬದಲಿಸಿ ಸುಸ್ತಾಗುತ್ತಾರೆ. ತಪ್ಪು ಫಾಂಟಿನದ್ದಲ್ಲ. ಚಿಹ್ನೆಗಳನ್ನು ಜೋಡಿಸಿ ಅಕ್ಷರ ಕಟ್ಟುವ ಕೆಲಸವನ್ನು ವಿಂಡೋಸ್, ಮ್ಯಾಕ್‌ಗಳಲ್ಲಿ ಆಪರೇಟಿಂಗ್ ಸಿಸ್ಟಮ್ ಮಾಡಿಕೊಡುತ್ತದೆ. ಲಿನಕ್ಸ್‌ನಲ್ಲಿ ಟಿಕೆ ಬಳಸುವ ಎಕ್ಸ್‌ಎಫ್‌ಟಿ ಎಂಬ ಲೈಬ್ರರಿ ಆ ಕೆಲಸ ಮಾಡುವುದಿಲ್ಲ, ಸಿಕ್ಕ ಚಿಹ್ನೆಗಳನ್ನು ಸಾಲಾಗಿ ಇಡುತ್ತದೆ. ನಿಮ್ಮ ಕೋಡಿನಲ್ಲಿ ಇದಕ್ಕೆ ಮದ್ದಿಲ್ಲ. ಲಿನಕ್ಸ್‌ನಲ್ಲಿ ಕನ್ನಡ ತೋರಿಸಲೇಬೇಕಾದರೆ ಟಿಕಿಂಟರ್ ಬಿಟ್ಟು ಕ್ಯೂಟಿ, ಜಿಟಿಕೆಯಂಥ ಬೇರೊಂದು ವಿಂಡೋ ಲೈಬ್ರರಿಗೆ ಹೋಗಿ ಎಂಬುದೇ ನನ್ನ ಸಲಹೆ. ಅವು ಹಾರ್ಫ್‌ಬಝ್ ಎಂಬ ಅಕ್ಷರ ಕಟ್ಟುವ ಲೈಬ್ರರಿಯನ್ನು ಬಳಸುತ್ತವೆ, ಒತ್ತು ನೆಟ್ಟಗೆ ಕೂರುತ್ತದೆ. ಲ್ಯಾಬಿನಲ್ಲಿ ವಿಂಡೋಸ್ 7 ಕೂಡ ಇದ್ದರೆ ಕ್ಯೂಟಿ 5 ಆರಿಸಿ, ಕ್ಯೂಟಿ 6ಕ್ಕೆ ವಿಂಡೋಸ್ 10 ಬೇಕು.

ಅಕ್ಷರ ಸರಿಯಾದ ಮೇಲೆ ಅಳತೆ. ಹಗರಿಬೊಮ್ಮನಹಳ್ಳಿ ಡ್ರಾಪ್‌ಡೌನ್‌ನಲ್ಲಿ ಅರ್ಧಕ್ಕೆ ಕತ್ತರಿಸಿದಂತೆ ಕಾಣುತ್ತದೆ. ಅಗಲ 10 ಎಂದರೆ ಟಿಕೆ ಹತ್ತು ಸೊನ್ನೆಗಳ ಅಗಲ ಎಂದು ತಿಳಿಯುತ್ತದೆ, ಕನ್ನಡದ ಅಕ್ಷರ ಸೊನ್ನೆಗಿಂತ ದಪ್ಪ. ಫಾಂಟಿನ ಮೆಷರ್ ಬಳಸಿ ಐದೂ ಹೆಸರನ್ನು ಅಳೆದು, ದೊಡ್ಡದಕ್ಕೆ ತಕ್ಕ ಅಗಲ ಕೊಡಿ. ಪಟ್ಟಿ ತೋರಿಸುವ ಟ್ರೀವ್ಯೂನಲ್ಲಿ ಸಾಲಿನ ಎತ್ತರ ಟಿಕೆ 8.6ರಲ್ಲಿ 20 ಪಿಕ್ಸೆಲ್ ಎಂದು ನಿಗದಿಯಾಗಿದೆ, ಫಾಂಟ್ ಎಷ್ಟೇ ದೊಡ್ಡದಾದರೂ ಅಷ್ಟೇ. ಕೂಡ್ಲಿಗಿಯ ಲಕಾರದ ಒತ್ತು ಆಗ ಕೆಳಗಿನ ಗೆರೆಗೆ ಸಿಕ್ಕಿ ಕೊಯ್ದುಹೋಗುತ್ತದೆ. ಸ್ಟೈಲ್‌ನಲ್ಲಿ ರೋಹೈಟ್ ಹೆಚ್ಚಿಸಬೇಕು.

ಹೊಸ ಲ್ಯಾಪ್‌ಟಾಪ್‌ನಲ್ಲಿ ವಿಂಡೋ ಮಸುಕಾಗಿ ಕಂಡರೆ ಕಣ್ಣಿನ ಡಾಕ್ಟರ್ ಬೇಡ. ಪರದೆಯ ಸ್ಕೇಲಿಂಗ್ 125 ಅಥವಾ 150 ಶೇಕಡಾ ಇರುತ್ತದೆ, ವಿಂಡೋಸ್ ನಿಮ್ಮ ವಿಂಡೋವನ್ನು ಚಿತ್ರದಂತೆ ಹಿಗ್ಗಿಸುತ್ತದೆ. ವಿಂಡೋ ಹುಟ್ಟುವ ಮೊದಲೇ, ಸಿಟೈಪ್ಸ್ ಮಾಡ್ಯೂಲಿನ ಮೂಲಕ ವಿಂಡೋಸ್‌ನ ಎಸ್‌ಎಚ್‌ಕೋರ್‌ನ ಡಿಪಿಐ ಅವೇರ್‌ನೆಸ್ ಅನ್ನು 1 ಮಾಡಿದರೆ ಸ್ಪಷ್ಟವಾಗುತ್ತದೆ. ಆದರೆ ಈ ಸೌಲಭ್ಯ ಬಂದದ್ದು ವಿಂಡೋಸ್ 8.1ರಲ್ಲಿ. ಟ್ರೈ ಒಳಗೆ ಬರೆಯದಿದ್ದರೆ ಲ್ಯಾಬಿನ ವಿಂಡೋಸ್ 7ರಲ್ಲಿ ಇದೇ ಸಾಲು ಪ್ರೋಗ್ರಾಂ ಅನ್ನು ಬೀಳಿಸುತ್ತದೆ.

ಚಿಲ್ಲರೆ ವ್ಯತ್ಯಾಸಗಳನ್ನು ಬೇಗ ಹೇಳಿಬಿಡುತ್ತೇನೆ. ವಿಸ್ಟಾ ಎಂಬ ಥೀಮ್ ವಿಂಡೋಸ್‌ನಲ್ಲಿ ಮಾತ್ರ, ಕ್ಲಾಮ್ ಎಲ್ಲ ಕಡೆ ಇದೆ. ಐಕಾನ್‌ಗೆ ಐಸಿಒ ಫೈಲ್ ಬೇಡ, ಪಿಎನ್‌ಜಿ ಕೊಟ್ಟು ಐಕಾನ್‌ಫೋಟೋ ಬಳಸಿ. ಮೌಸ್ ಚಕ್ರ ವಿಂಡೋಸ್‌ನಲ್ಲಿ 120ರ ಲೆಕ್ಕದಲ್ಲಿ ತಿರುಗುತ್ತದೆ, ಲಿನಕ್ಸ್‌ನ ಟಿಕೆ 8.6ರಲ್ಲಿ ಅದು ನಾಲ್ಕನೆಯ, ಐದನೆಯ ಬಟನ್. ಮ್ಯಾಕ್‌ನಲ್ಲಿ ಸಾದಾ ಬಟನ್‌ಗೆ ಬಣ್ಣ ಹಚ್ಚಿದರೆ ಹತ್ತುವುದಿಲ್ಲ.

ಕೊನೆಯಲ್ಲಿ ಪೆನ್‌ಡ್ರೈವ್‌ಗೆ ಹೋಗುವ ಎಕ್ಸಿ ಫೈಲ್. ಪೈಇನ್‌ಸ್ಟಾಲರ್ ಎಂಬ ಸಾಧನ ನಿಮ್ಮ ಪ್ರೋಗ್ರಾಂ ಜೊತೆ, ನಿಮ್ಮ ಯಂತ್ರದಲ್ಲಿರುವ ಪೈಥಾನನ್ನೂ ಕಟ್ಟಿಕೊಡುತ್ತದೆ. ವಿಂಡೋಸ್ 11ರಲ್ಲಿ ಹೊಸ ಪೈಥಾನ್‌ನಿಂದ ಕಟ್ಟಿದ್ದು ವಿಂಡೋಸ್ 7ರಲ್ಲಿ ಮತ್ತದೇ ಕೋರ್-ಪಾತ್ ದೂರು ಹೇಳುತ್ತದೆ, 64 ಬಿಟ್‌ನಲ್ಲಿ ಕಟ್ಟಿದ್ದು 32 ಬಿಟ್ ವಿಂಡೋಸ್‌ನಲ್ಲಿ ಏಳುವುದೇ ಇಲ್ಲ. ವಿಂಡೋಸ್‌ನಲ್ಲಿ ಕಟ್ಟಿದ್ದು ಉಬುಂಟುವಿಗೆ ಬೇಡ, ಅಲ್ಲಿಗೆ ಅಲ್ಲೇ ಕಟ್ಟಬೇಕು. ಹಾಗಾಗಿ ಪ್ರಾಜೆಕ್ಟ್ ತೋರಿಸುವ ಹಿಂದಿನ ವಾರ ಲ್ಯಾಬಿನಲ್ಲೇ ಅತಿ ಹಳೆಯ ಸಿಸ್ಟಮ್ ಯಾವುದೆಂದು ಕೇಳಿ, ಅದರ ಮುಂದೆ ಕೂತು, ಪೈಥಾನ್ 3.8ರ 32 ಬಿಟ್ ಆವೃತ್ತಿ ಹಾಕಿ, ಅಲ್ಲೇ ಕಟ್ಟಿ. ಆಮೇಲೆ ಪಕ್ಕದ ಸಿಸ್ಟಮ್‌ನಲ್ಲಿ ತೆರೆದು ಡ್ರಾಪ್‌ಡೌನ್ ಒತ್ತಿ, ಐದು ಹೆಸರನ್ನೂ ಒಂದೊಂದಾಗಿ ಓದಿ ನೋಡಿ.