ಘಟ್ಟದಲ್ಲಿ ಗಾಡಿ ಕೆಟ್ಟು ನಿಂತರೆ: ಕಾನೂನು ಏನು ಕೇಳುತ್ತದೆ, ಏನು ಕೊಡುತ್ತದೆ?

ರಸ್ತೆಯಲ್ಲಿ ಗಾಡಿ ಕೆಟ್ಟು ನಿಲ್ಲುವುದು ಅಪರಾಧವಲ್ಲ. ಕೆಟ್ಟ ಗಾಡಿಯನ್ನು ಗುರುತು, ದೀಪ ಏನೂ ಇಲ್ಲದೆ ನಡುದಾರಿಯಲ್ಲಿ ಬಿಟ್ಟುಹೋಗುವುದು ಅಪರಾಧ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಸ್ಟಿಯರಿಂಗ್ ಹಿಡಿಯುವ ಪ್ರತಿಯೊಬ್ಬರಿಗೂ ಈ ವ್ಯತ್ಯಾಸ ಗೊತ್ತಿರಬೇಕು. ಇಲ್ಲಿಂದ ಕರಾವಳಿಗೆ ಹೋಗಬೇಕಾದರೆ ಘಟ್ಟ ಇಳಿಯಲೇಬೇಕು. ಶಿರಸಿಯವರಿಗೆ ದೇವಿಮನೆ, ಸಿದ್ದಾಪುರದವರಿಗೆ ದೊಡ್ಮನೆ, ಯಲ್ಲಾಪುರದವರಿಗೆ ಅರಬೈಲು. ಮಣಿಪಾಲಕ್ಕೆ ಹೊರಟ ರೋಗಿ, ಕುಮಟಾ ಪೇಟೆಗೆ ಹೊರಟ ತರಕಾರಿ, ಜೋಗ ನೋಡಿ ಗೋಕರ್ಣಕ್ಕೆ ಹೋಗುವ ಪ್ರವಾಸಿ ಎಲ್ಲರೂ ಸಾಗುವುದು ಇವೇ ತಿರುವುಗಳಲ್ಲಿ.

2025ರ ಜನವರಿ 22ರ ಬೆಳಗಿನ ಜಾವ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಲಾರಿಯೊಂದು ಕಂದಕಕ್ಕೆ ಉರುಳಿತು. ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ 10 ಮಂದಿ ವ್ಯಾಪಾರಿಗಳು ಸತ್ತರು. ಮತ್ತೊಂದು ವಾಹನಕ್ಕೆ ದಾರಿ ಬಿಡಲು ಲಾರಿ ಎಡಕ್ಕೆ ಸರಿದಾಗ ಹೀಗಾಯಿತೆಂದು ಪೊಲೀಸರು ಆಗ ಹೇಳಿದ್ದರು. ಆ ರಸ್ತೆಯಲ್ಲಿ ಅಂಚಿನ ಒಂದೆರಡು ಅಡಿಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ದೀಪವಿಲ್ಲದೆ ನಿಂತ ಒಂದು ವಾಹನ ಅರ್ಧ ರಸ್ತೆಯನ್ನು ನುಂಗಿ, ಉಳಿದವರನ್ನೆಲ್ಲ ಆ ಅಂಚಿಗೆ ತಳ್ಳುತ್ತದೆ. ಗಾಡಿ ಕೆಟ್ಟಾಗಿನ ಕಾನೂನುಗಳೆಲ್ಲ ಹುಟ್ಟಿರುವುದು ಇದನ್ನು ತಡೆಯಲಿಕ್ಕೆ.

ದಂಡ ಯಾವಾಗ, ವಿನಾಯಿತಿ ಯಾವಾಗ?

ಮೋಟಾರು ವಾಹನ ಕಾಯ್ದೆ, 1988ರ 122ನೇ ಕಲಂ ಪ್ರಕಾರ ಇತರರಿಗೆ ಅಪಾಯ, ಅಡ್ಡಿ ಆಗುವಂತೆ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಬಿಡುವಂತಿಲ್ಲ. 201ನೇ ಕಲಂ ಪ್ರಕಾರ ಸಂಚಾರಕ್ಕೆ ತಡೆಯಾಗುವಂತೆ ವಾಹನ ನಿಲ್ಲಿಸಿದರೆ 500 ರೂಪಾಯಿವರೆಗೆ ದಂಡ, ಜೊತೆಗೆ ತೆರವಿನ ಖರ್ಚು. ಆದರೆ 2019ರ ತಿದ್ದುಪಡಿ ಇದೇ ಕಲಮಿನಲ್ಲಿ ನಾಗರಿಕರಿಗೆ ಒಂದು ರಕ್ಷಣೆ ಕೊಟ್ಟಿದೆ. ವಾಹನ ಅನಿರೀಕ್ಷಿತವಾಗಿ ಕೆಟ್ಟಿದ್ದು, ಅದನ್ನು ತೆಗೆಸುವ ಕೆಲಸ ನಡೆಯುತ್ತಿದ್ದರೆ ಈ ದಂಡ ಅನ್ವಯಿಸುವುದಿಲ್ಲ.

ಇಲ್ಲಿ ಎರಡು ಷರತ್ತುಗಳಿವೆ. ಕೆಟ್ಟದ್ದು ಅನಿರೀಕ್ಷಿತವಾಗಿರಬೇಕು, ತೆಗೆಸುವ ಪ್ರಯತ್ನ ನಡೆಯುತ್ತಿರಬೇಕು. ಡೀಸೆಲ್ ಮುಗಿಯುತ್ತಿದೆ ಎಂದು ಗೊತ್ತಿದ್ದೂ ಘಟ್ಟ ಇಳಿದವನು ಮೊದಲ ಷರತ್ತಿನಲ್ಲೇ ಸೋಲಬಹುದು. ಮೆಕ್ಯಾನಿಕ್‌ಗೆ ಒಂದು ಕರೆಯನ್ನೂ ಮಾಡದೆ ಬಸ್ಸು ಹತ್ತಿ ಮನೆಗೆ ಹೋದವನು ಎರಡನೆಯದರಲ್ಲಿ ಸೋಲುತ್ತಾನೆ. ಆದ್ದರಿಂದ ಗ್ಯಾರೇಜಿಗೆ, ಕ್ರೇನಿನವರಿಗೆ, ವಿಮಾ ಕಂಪನಿಗೆ ಮಾಡಿದ ಕರೆಗಳ ವಿವರವನ್ನು ಮೊಬೈಲಿನಿಂದ ಅಳಿಸಬೇಡಿ. ವಾಹನ ನಿಂತ ಜಾಗದ, ಇಟ್ಟ ಎಚ್ಚರಿಕೆ ಗುರುತಿನ ಫೋಟೊ ತೆಗೆದುಕೊಳ್ಳಿ. ಯಾರಾದರೂ ದಂಡ ಕೇಳಿದರೆ ನಿಮ್ಮ ಪರವಾಗಿ ಮಾತಾಡುವುದು ಅವೇ.

ಮೊದಲ ಹತ್ತು ನಿಮಿಷ

ಎಂಜಿನ್ ಪೂರ್ತಿ ಕೈಕೊಡುವ ಮುನ್ನ ಸಾಮಾನ್ಯವಾಗಿ ಒಂದಿಷ್ಟು ಸೂಚನೆ ಸಿಗುತ್ತದೆ. ಆಗಲೇ ನೇರ ದಾರಿ ಹುಡುಕಿ ಎಡಕ್ಕೆ ತನ್ನಿ. ತಿರುವಿನ ಒಳಗೆ ನಿಲ್ಲಿಸಬೇಡಿ. ಮಳೆಗಾಲದಲ್ಲಿ ಕಡಿದ ಧರೆಯ ಬುಡದಲ್ಲಂತೂ ಬೇಡವೇ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಬದಿಯ ಚಹಾದಂಗಡಿ ಮತ್ತು ಅಲ್ಲಿ ನಿಂತಿದ್ದ ವಾಹನಗಳು ಮಣ್ಣಿನೊಂದಿಗೆ ಗಂಗಾವಳಿ ನದಿಗೆ ಹೋದವು. ಘಟ್ಟದಲ್ಲಿ ಎಲ್ಲಿ ನಿಲ್ಲುತ್ತೇವೆ ಎಂಬುದೂ ಜೀವದ ಪ್ರಶ್ನೆ.

ನಿಂತ ಮೇಲೆ ಕ್ರಮವಾಗಿ ಹೀಗೆ ಮಾಡಿ:

1. ನಾಲ್ಕೂ ಇಂಡಿಕೇಟರ್ ಮಿನುಗುವ ಅಪಾಯದ ದೀಪ ಹಾಕಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಇಳಿಜಾರಿದ್ದರೆ ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡಿ.

2. ಒಳಗಿದ್ದವರನ್ನೆಲ್ಲ ವಾಹನ ಬಾರದ ಬದಿಯ ಬಾಗಿಲಿನಿಂದ ಇಳಿಸಿ ರಸ್ತೆಯಿಂದ ಆಚೆ ನಿಲ್ಲಿಸಿ. ಕೆಟ್ಟ ಗಾಡಿಯ ಹಿಂದೆ ಯಾರೂ ನಿಲ್ಲಬಾರದು.

3. ಡಿಕ್ಕಿಯಲ್ಲಿ, ಹೆಚ್ಚಾಗಿ ಸ್ಟೆಪ್ನಿ ಬಳಿ, ಉದ್ದನೆಯ ಪೆಟ್ಟಿಗೆಯಲ್ಲಿ ಮಡಚಿಟ್ಟ ಕೆಂಪು ಪ್ರತಿಫಲಕ ತ್ರಿಕೋನ ಇರುತ್ತದೆ. ಕಾರು ಕೊಂಡ ದಿನದಿಂದ ಅದನ್ನು ಬಿಚ್ಚದವರೇ ಹೆಚ್ಚು. ಅದನ್ನು ಗಾಡಿಯಿಂದ ಸುಮಾರು 50 ಮೀಟರ್ ಹಿಂದೆ ಇಡಿ. ತಿರುವಿದ್ದರೆ ತಿರುವಿಗೆ ಮುಂಚೆಯೇ ಇಡಬೇಕು. ತಿರುಗಿದ ಮೇಲೆ ಕಂಡರೆ ಲಾರಿಯವನಿಗೆ ಬ್ರೇಕ್ ಹಾಕಲು ಸಮಯ ಸಿಗುವುದಿಲ್ಲ.

4. 112ಕ್ಕೆ ಕರೆ ಮಾಡಿ. ನಿಮ್ಮ ಸಿಮ್ಮಿಗೆ ನೆಟ್‌ವರ್ಕ್ ಇಲ್ಲದಿದ್ದರೂ ಅಲ್ಲಿ ಬೇರೆ ಯಾವುದಾದರೂ ಕಂಪನಿಯ ಸಿಗ್ನಲ್ ಇದ್ದರೆ ತುರ್ತು ಕರೆ ಹೋಗಬಹುದು. ಗಾಯಾಳು ಇದ್ದರೆ 108. ರಾಷ್ಟ್ರೀಯ ಹೆದ್ದಾರಿಯಾದರೆ 1033. ಯಲ್ಲಾಪುರದ ಮೂಲಕ ಹೋಗುವ ಹುಬ್ಬಳ್ಳಿ–ಅಂಕೋಲಾ ರಸ್ತೆ ರಾಷ್ಟ್ರೀಯ ಹೆದ್ದಾರಿ 52. ದೇವಿಮನೆಯ ಮೂಲಕ ಹೋಗುವ ಶಿರಸಿ–ಕುಮಟಾ ರಸ್ತೆ 766ಇ. ಕರೆ ಮಾಡುವಾಗ ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲಿನ ಸಂಖ್ಯೆ ಹೇಳಿ.

ತ್ರಿಕೋನ ಇಲ್ಲದವರು ಗಿಡದ ಟೊಂಗೆ ಮುರಿದು, ನಾಲ್ಕು ಕಲ್ಲು ಜೋಡಿಸಿ ಗುರುತು ಮಾಡುವುದು ನಮ್ಮಲ್ಲಿ ರೂಢಿ. ಹಗಲಿನಲ್ಲಿ ಸೊಪ್ಪು ಕಾಣುತ್ತದೆ. ರಾತ್ರಿ ಮಂಜಿನಲ್ಲಿ ಅದು ಕಾಡಿನ ಬಣ್ಣದಲ್ಲೇ ಕರಗಿಹೋಗುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ ರಿಪೇರಿಯಾದ ಮೇಲೆ ಕಲ್ಲು ಅಲ್ಲೇ ಉಳಿಯುವುದು. ಮುಂದೆ ಬರುವ ಬೈಕ್ ಸವಾರ ಅದಕ್ಕೆ ಹೊಡೆದು ಬೀಳುತ್ತಾನೆ. ಸಾರ್ವಜನಿಕ ದಾರಿಯಲ್ಲಿ ಅಪಾಯ ಅಥವಾ ಅಡ್ಡಿ ಉಂಟುಮಾಡುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಲ್ಲಿ 5,000 ರೂಪಾಯಿವರೆಗೆ ದಂಡವಿದೆ. ಗಾಡಿ ಹೊರಡುವ ಮುನ್ನ ಕೊನೆಯ ಕಲ್ಲನ್ನೂ ಎತ್ತಿ ಬದಿಗೆ ಹಾಕಿ.

ಹಗ್ಗ ಕಟ್ಟುವ ಮುನ್ನ

ಪರಿಚಯದ ಜೀಪಿನವರು, ಪಿಕಪ್ಪಿನವರು ನಿಂತು ಹಗ್ಗ ಕೊಡುವುದು ಮಲೆನಾಡಿನ ಒಳ್ಳೆಯತನ. ಆದರೆ ಎಳೆಯುವುದಕ್ಕೂ ನಿಯಮವಿದೆ. 1989ರ ರಸ್ತೆ ನಿಯಮಗಳು ವಿಧಿಸಿದ್ದ ಶಿಸ್ತು ಇಂದಿಗೂ ಪಾಲಿಸಬೇಕಾದದ್ದೇ:

• ಎಳೆಸಿಕೊಳ್ಳುವ ಗಾಡಿಯ ಚಾಲಕನ ಸೀಟಿನಲ್ಲಿ ಆ ವಾಹನದ ಲೈಸೆನ್ಸ್ ಇರುವವರೇ ಕೂತಿರಬೇಕು. ಇಲ್ಲವಾದರೆ ಅದರ ಮುಂದಿನ ಚಕ್ರಗಳನ್ನು ಕ್ರೇನಿನಿಂದ ನೆಲ ಬಿಟ್ಟು ಭದ್ರವಾಗಿ ಎತ್ತಿರಬೇಕು.
• ಎರಡು ವಾಹನಗಳ ನಡುವಿನ ಅಂತರ 5 ಮೀಟರ್ ಮೀರಬಾರದು. ಹಗ್ಗ ಅಥವಾ ಸರಪಳಿ ಇತರರ ಕಣ್ಣಿಗೆ ಸುಲಭವಾಗಿ ಬೀಳುವಂತಿರಬೇಕು. ಒಂದು ಕೆಂಪು ಬಟ್ಟೆ ಕಟ್ಟಿದರೂ ಅನುಕೂಲ.
• ಹಿಂದಿನ ಗಾಡಿಯ ಬೆನ್ನಿಗೆ ಬಿಳಿ ಹಿನ್ನೆಲೆಯಲ್ಲಿ, ಕನಿಷ್ಠ 75 ಮಿಲಿಮೀಟರ್ ಎತ್ತರದ ಕಪ್ಪು ಅಕ್ಷರಗಳಲ್ಲಿ ‘ಆನ್ ಟೋ’ ಎಂದು ಬರೆದಿರಬೇಕು.
• ವೇಗ ಗಂಟೆಗೆ 24 ಕಿಲೋಮೀಟರ್ ದಾಟಬಾರದು. ಹತ್ತಿರದ ಗ್ಯಾರೇಜ್ ಅಥವಾ ಪೆಟ್ರೋಲ್ ಬಂಕ್‌ವರೆಗೆ ಮಾತ್ರ ಎಳೆಯಬೇಕು.

ಇಷ್ಟೆಲ್ಲ ಪಾಲಿಸಿದರೂ ಘಟ್ಟ ಇಳಿಯುವಾಗ ಹಗ್ಗದ ಮೇಲೆ ಭರವಸೆ ಇಡಬೇಡಿ. ಎಂಜಿನ್ ಬಂದ್ ಆದ ಕಾರಿನಲ್ಲಿ ಬ್ರೇಕಿಗೆ ಸಿಗುವ ಸಹಾಯಕ ಒತ್ತಡ ಒಂದೆರಡು ಸಲ ತುಳಿಯುವಷ್ಟರಲ್ಲಿ ಮುಗಿಯುತ್ತದೆ. ಆಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ. ಹಗ್ಗಕ್ಕೆ ಎಳೆಯುವುದಷ್ಟೇ ಗೊತ್ತು, ತಡೆಯುವುದು ಗೊತ್ತಿಲ್ಲ. ಇಳಿಜಾರಿನಲ್ಲಿ ಹಿಂದಿನ ಗಾಡಿ ನೇರ ಮುಂದಿನದಕ್ಕೆ ಹೋಗಿ ಗುದ್ದುತ್ತದೆ. ದೇವಿಮನೆಯಿಂದ ಕತಗಾಲದ ಕಡೆಗೆ, ಅರಬೈಲಿನಿಂದ ಕೆಳಕ್ಕೆ ಕ್ರೇನ್ ಅಥವಾ ಗಾಡಿಯನ್ನೇ ಹೊತ್ತೊಯ್ಯುವ ಚಪ್ಪಟೆ ಹಾಸಿನ ಲಾರಿಯೇ ಆಗಬೇಕು. ಸಮತಟ್ಟಿನಲ್ಲಿ ಸ್ವಲ್ಪ ದೂರ ಎಳೆಯಬೇಕಾದರೆ, ಕೀ ಆನ್ ಮಾಡಿಡಿ. ಇಲ್ಲದಿದ್ದರೆ ಸ್ಟಿಯರಿಂಗ್ ಲಾಕ್ ಆಗುತ್ತದೆ. ಹಗ್ಗವನ್ನು ಬಂಪರಿಗೆ ಕಟ್ಟಬೇಡಿ. ಕಾರಿನ ಟೂಲ್ ಕಿಟ್‌ನಲ್ಲಿರುವ ಕೊಂಡಿಯನ್ನು ಬಂಪರಿನ ಮುಚ್ಚಳ ತೆಗೆದು ತಿರುಗಿಸಿ ಕೂರಿಸಿ, ಅದಕ್ಕೇ ಕಟ್ಟಿ. ಆಟೊಮ್ಯಾಟಿಕ್ ಗೇರಿನ ಕಾರು, ವಿದ್ಯುತ್ ಕಾರುಗಳನ್ನು ಚಾಲನಾ ಚಕ್ರ ನೆಲದ ಮೇಲಿಟ್ಟು ಎಳೆದರೆ ಗೇರ್‌ಬಾಕ್ಸ್, ಮೋಟಾರು ಹಾಳಾಗುತ್ತವೆ.

ವಿಮೆ ಎಷ್ಟು ಕೊಡುತ್ತದೆ?

ಸಮಗ್ರ ವಿಮೆ ಇದೆ, ಕ್ರೇನ್ ಬಾಡಿಗೆ ಕಂಪನಿ ಕೊಡುತ್ತದೆ ಎಂದು ಹಲವರು ನಂಬಿರುತ್ತಾರೆ. ಖಾಸಗಿ ಕಾರುಗಳ ಪ್ರಮಾಣಿತ ಪಾಲಿಸಿ ಅಪಘಾತವಾದಾಗ ಹತ್ತಿರದ ಗ್ಯಾರೇಜಿಗೆ ಸಾಗಿಸುವ ಖರ್ಚನ್ನು 1,500 ರೂಪಾಯಿ ಮಿತಿಯೊಳಗೆ ಮಾತ್ರ ಕೊಡುತ್ತದೆ. ಯಾಂತ್ರಿಕ ದೋಷದಿಂದ ಕೆಟ್ಟರೆ ಅದೂ ಇಲ್ಲ. ‘ರೋಡ್ ಸೈಡ್ ಅಸಿಸ್ಟೆನ್ಸ್’ ಎಂಬ ಹೆಚ್ಚುವರಿ ರಕ್ಷಣೆ ಕೊಂಡಿದ್ದರೆ ಬೇರೆ ಮಾತು. ಅದನ್ನು ಕೊಳ್ಳುವಾಗ ಉಚಿತ ದೂರ ಎಷ್ಟು ಕಿಲೋಮೀಟರ್, ನಿಮ್ಮ ತಾಲ್ಲೂಕಿಗೆ ಸೇವೆ ಇದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಪಾಲಿಸಿಯ ಇನ್ನೊಂದು ಷರತ್ತನ್ನು ಓದುವವರು ಕಡಿಮೆ. ಅಪಘಾತವಾದ ಅಥವಾ ಕೆಟ್ಟ ವಾಹನವನ್ನು ತಕ್ಕ ಎಚ್ಚರಿಕೆ ಇಲ್ಲದೆ ಬಿಟ್ಟುಹೋಗಬಾರದು. ರಿಪೇರಿಗೆ ಮುನ್ನ ಓಡಿಸಿ ಹಾನಿ ಹೆಚ್ಚಾದರೆ ಆ ಹೆಚ್ಚಿನ ಹಾನಿ ಮಾಲೀಕನದೇ. ರೇಡಿಯೇಟರ್ ಒಡೆದ ಕಾರನ್ನು ‘ಹೇಗೋ ಶಿರಸಿ ಮುಟ್ಟಿಸೋಣ’ ಎಂದು ಓಡಿಸಿ ಎಂಜಿನ್ ಸುಟ್ಟರೆ ಕ್ಲೇಮು ತಿರಸ್ಕಾರವಾಗುವುದು ಈ ಷರತ್ತಿನಿಂದ.

ಸಹಾಯ ಮಾಡುವ ಪಿಕಪ್, ಲಾರಿಯವರಿಗೂ ಒಂದು ಮಾತು. ವಾಣಿಜ್ಯ ವಾಹನಗಳ ಪ್ರಮಾಣಿತ ಪಾಲಿಸಿ ಒಂದು ಕೆಟ್ಟ ವಾಹನವನ್ನು ಎಳೆಯಲು ಅವಕಾಶ ಕೊಡುತ್ತದೆ, ಆದರೆ ಹಣ ಪಡೆದು ಎಳೆಯಬಾರದು ಎಂಬ ಷರತ್ತಿನ ಮೇಲೆ. ಎಳೆಸಿಕೊಂಡ ವಾಹನಕ್ಕಾದ ಹಾನಿಯನ್ನೂ ಅದು ಭರಿಸುವುದಿಲ್ಲ. ಐನೂರು ರೂಪಾಯಿಯ ಆಸೆಗೆ ವಿಮೆಯ ಆಸರೆ ಕಳೆದುಕೊಳ್ಳಬೇಡಿ.

ಅಪಘಾತವೇ ಆಗಿದ್ದರೆ

ಯಾರಿಗಾದರೂ ಗಾಯವಾಗಿದ್ದರೆ ಅಥವಾ ಇನ್ನೊಬ್ಬರ ಆಸ್ತಿಗೆ ಹಾನಿಯಾಗಿದ್ದರೆ ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಚಾಲಕನ ಮೇಲೆ ಹೊಣೆ ಹೊರಿಸುತ್ತದೆ. ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಹತ್ತಿರದ ಠಾಣೆಗೆ ಆದಷ್ಟು ಬೇಗ, ತಪ್ಪಿದರೆ 24 ಗಂಟೆಯೊಳಗೆ ತಿಳಿಸಬೇಕು. ವಿಮಾ ಕಂಪನಿಗೂ ಮಾಹಿತಿ ಕೊಡಬೇಕು. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ಗಾಯಾಳುವಿಗೆ ಅಪಘಾತದ ದಿನದಿಂದ 7 ದಿನಗಳವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆಯಲ್ಲಿ ಇದನ್ನು ಕೇಳಿ ಪಡೆಯಿರಿ.

ಗಾಯಾಳುವನ್ನು ಎತ್ತಿದರೆ ಕೋರ್ಟು ಕಚೇರಿ ಅಲೆಯಬೇಕೆಂಬ ಹೆದರಿಕೆ ಬೇಡ. 2016ರ ಮಾರ್ಚ್ 30ರ ಸುಪ್ರೀಂ ಕೋರ್ಟ್ ತೀರ್ಪು, ಆಮೇಲೆ ಕಾಯ್ದೆಗೆ ಸೇರಿದ 134ಎ ಕಲಂ ಸಹಾಯ ಮಾಡಿದವರನ್ನು ಕಾಯುತ್ತವೆ. ಹೆಸರು ಹೇಳಲು ಅವರನ್ನು ಯಾರೂ ಬಲವಂತ ಮಾಡುವಂತಿಲ್ಲ.

ಅಪಘಾತದ ವಾಹನವನ್ನು ತಪಾಸಣೆಗೆಂದು ಬೇರೆಡೆಗೆ ಸಾಗಿಸಿದರೆ ಎಲ್ಲಿಗೆ ಎಂದು ಮಾಲೀಕರಿಗೆ ತಿಳಿಸಬೇಕು, ವಿಧಿವಿಧಾನ ಮುಗಿದ ಮೇಲೆ 24 ಗಂಟೆಯೊಳಗೆ ಮರಳಿಸಬೇಕು ಎನ್ನುತ್ತದೆ 136ನೇ ಕಲಂ. ಪ್ರಕರಣದಲ್ಲಿ ಜಪ್ತಿಯಾಗಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497 ಅಥವಾ 503ನೇ ಕಲಮಿನಡಿ ತಾಲ್ಲೂಕು ನ್ಯಾಯಾಲಯಕ್ಕೆ ಬಿಡುಗಡೆಯ ಅರ್ಜಿ ಹಾಕಬಹುದು. ವಾಹನಗಳನ್ನು ಠಾಣೆಯ ಅಂಗಳದಲ್ಲಿ ತಿಂಗಳುಗಟ್ಟಲೆ ಕೊಳೆಯಬಿಡಬಾರದು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ.

ಪೊಲೀಸರು ಎಳೆದೊಯ್ದರೆ

ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯಂಥ ದಿನಗಳಲ್ಲಿ ನಿಲ್ಲಿಸಿಟ್ಟ ಗಾಡಿಯನ್ನು ಪೊಲೀಸರು ಎಳೆಸುವ ಪ್ರಶ್ನೆ ಏಳುತ್ತದೆ. ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಪ್ರಕಾರ ನಿಷೇಧಿತ ಜಾಗದಲ್ಲಿ ನಿಲ್ಲಿಸಿದ ಅಥವಾ 10 ಗಂಟೆಗಿಂತ ಹೆಚ್ಚು ಕಾಲ ಬಿಟ್ಟುಹೋದ ವಾಹನವನ್ನು ಎಳೆಸಲು ಆ ವ್ಯಾಪ್ತಿಯ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಆದೇಶಿಸಬಹುದು. ಸಂಚಾರಕ್ಕೆ ಅಪಾಯವಾಗಿದ್ದರೆ 10 ಗಂಟೆ ಕಾಯಬೇಕಾಗಿಲ್ಲ. ಖರ್ಚು ಮಾಲೀಕನದು. ಆದರೆ ಆದೇಶ ಯಾರದೆಂದು ಕೇಳುವುದು, ದಂಡಕ್ಕೂ ಎಳೆದ ಖರ್ಚಿಗೂ ರಸೀದಿ ಪಡೆಯುವುದು, ಗಾಡಿಗೆ ಹಾನಿಯಾಗಿದ್ದರೆ ಬಿಡಿಸಿಕೊಳ್ಳುವ ಮುನ್ನವೇ ಫೋಟೊ ತೆಗೆದು ಲಿಖಿತವಾಗಿ ದಾಖಲಿಸುವುದು ಮಾಲೀಕ ಮರೆಯಬಾರದ ಮೂರು ಕೆಲಸಗಳು.

ಖಾಸಗಿ ಕ್ರೇನಿನವರ ಜೊತೆ ವ್ಯವಹಾರ

ಕತ್ತಲಲ್ಲಿ, ಮಳೆಯಲ್ಲಿ, ಹೆಂಡತಿ ಮಕ್ಕಳನ್ನು ರಸ್ತೆ ಬದಿ ನಿಲ್ಲಿಸಿಕೊಂಡಿರುವವರ ಹತ್ತಿರ ಬಾಯಿಗೆ ಬಂದ ದರ ಕೇಳುವುದು ಅನ್ಯಾಯ. ಅದನ್ನು ತಡೆಯುವ ಉಪಾಯ, ಕೊಂಡಿ ಹಾಕುವ ಮುನ್ನವೇ ದರವನ್ನು ಸಂದೇಶದಲ್ಲಿ ಬರೆಸಿಕೊಳ್ಳುವುದು. ಒಟ್ಟು ಮೊತ್ತವೋ ಕಿಲೋಮೀಟರಿಗಿಷ್ಟೋ, ಹಿಂತಿರುಗುವ ದೂರ ಸೇರಿದೆಯೋ, ಯಾವ ಗ್ಯಾರೇಜಿಗೆ ಎಂಬ ಮೂರು ಸಂಗತಿ ಅದರಲ್ಲಿರಲಿ. ಎತ್ತುವ ಮುನ್ನ ಗಾಡಿಯ ನಾಲ್ಕೂ ಬದಿಯ ವಿಡಿಯೊ ಮಾಡಿ. ಮಾತು ತಪ್ಪಿದರೆ, ಹಾನಿ ಮಾಡಿದರೆ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಆಮೇಲೂ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ವಿಮಾ ಕಂಪನಿ ಕ್ಲೇಮು ತಿರಸ್ಕರಿಸಿದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಖರ್ಚಿಲ್ಲದೆ ದೂರಬಹುದು. ಕಾನೂನು ಸಲಹೆಗೆ 15100 ಇದೆ, ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ.

ನಾವು ಕೇಳಬೇಕಾದದ್ದು

ಚಾಲಕ ಎಷ್ಟು ಜಾಗರೂಕನಾದರೂ ಕೆಟ್ಟ ಗಾಡಿಯನ್ನು ಸರಿಸಲು ರಸ್ತೆ ಬದಿಯಲ್ಲಿ ಜಾಗವೇ ಇಲ್ಲದಿದ್ದರೆ ಏನು ಮಾಡಿಯಾನು? ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಅದರಿಂದ ಸಾವು ಅಥವಾ ಅಂಗವೈಕಲ್ಯವಾದರೆ ಹೊಣೆಗಾರ ಸಂಸ್ಥೆಗೆ, ಗುತ್ತಿಗೆದಾರನಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಮೋಟಾರು ವಾಹನ ಕಾಯ್ದೆಯ 198ಎ ಕಲಂ ಅವಕಾಶ ಕೊಟ್ಟಿದೆ. ಸಾವಿನ ನಂತರದ ದಂಡಕ್ಕಿಂತ ಮುಂಚಿನ ಪ್ರಶ್ನೆ ಮುಖ್ಯ. ನಿಮ್ಮ ಘಟ್ಟದಲ್ಲಿ ವಾಹನ ನಿಲ್ಲಿಸುವ ತಂಗುದಾಣ ಎಷ್ಟಿವೆ, ಪ್ರತಿಫಲಕ ಕಂಬ ಮತ್ತು ತಡೆಗೋಡೆಗೆ ಎಷ್ಟು ಹಣ ಬಂದಿದೆ, ಹತ್ತಿರದ ಸರ್ಕಾರಿ ಕ್ರೇನ್ ಎಲ್ಲಿದೆ ಎಂದು 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. 30 ದಿನದೊಳಗೆ ಉತ್ತರ ಕೊಡುವುದು ಅಧಿಕಾರಿಯ ಕರ್ತವ್ಯ. ಆ ಉತ್ತರವನ್ನು ಗ್ರಾಮಸಭೆಯಲ್ಲಿ ಓದಿ, ಬೇಕಾದದ್ದನ್ನು ಠರಾವು ಮಾಡಿಸಿ ಜಿಲ್ಲಾಧಿಕಾರಿಗೆ ಕಳಿಸಿ. ಮುಂದಿನ ಮಳೆಗಾಲಕ್ಕೆ ಮುಂಚೆ ಒಂದು ತಿರುವಿನಲ್ಲಾದರೂ ಗಾಡಿ ಸರಿಸುವಷ್ಟು ಜಾಗವಾದರೆ, ಆ ಅರ್ಜಿ ಬರೆದ ಶ್ರಮ ಸಾರ್ಥಕ.